ಉಬ್ಬಿದ ಬ್ಯಾಟರಿ, ಬಾಯಿಮಾತಿನ ನಿರಾಕರಣೆ

ಮೊಬೈಲ್ ಫೋನಿನ ವಾರಂಟಿ ಪತ್ರದಲ್ಲಿ ಬ್ಯಾಟರಿಯ ವಿಷಯ ಎಷ್ಟೋ ಸಲ ಬೇರೆಯದೇ ಸಾಲಿನಲ್ಲಿ ಇರುತ್ತದೆ. ಭಾರತದಲ್ಲಿ ಮಾರಾಟವಾಗುವ ಫೋನುಗಳಿಗೆ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ. ಆದರೆ ಕೆಲವು ಕಂಪನಿಗಳು ಬ್ಯಾಟರಿ ಮತ್ತು ಚಾರ್ಜರ್‌ಗಳ ಅವಧಿಯನ್ನು ಆರು ತಿಂಗಳಿಗೆ ಇಳಿಸಿವೆ. ಫೋನ್ ಕೊಳ್ಳುವಾಗ ಈ ಸಾಲನ್ನು ಓದುವವರು ಕಡಿಮೆ. ಏಳನೇ ತಿಂಗಳಲ್ಲಿ ಬ್ಯಾಟರಿ ಕೆಟ್ಟಾಗ ಸರ್ವಿಸ್ ಸೆಂಟರಿನವರು ಅದನ್ನೇ ಓದಿ ಹೇಳುತ್ತಾರೆ.

ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಚಾರ್ಜ್ ಆಗಿ ಖಾಲಿಯಾಗುವ ಪ್ರತಿ ಸುತ್ತಿನಲ್ಲೂ ಅದರ ಸಾಮರ್ಥ್ಯ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಇದು ಸಹಜ ಸವೆತ, ಇದಕ್ಕೆ ವಾರಂಟಿ ಕೇಳುವುದು ನ್ಯಾಯವಲ್ಲ. ಕೊಂಡ ಕೆಲವೇ ತಿಂಗಳಲ್ಲಿ ಅರ್ಧ ದಿನಕ್ಕೇ ಬರಿದಾಗುವುದು, ಶೇ. 30 ತೋರಿಸುತ್ತಲೇ ಫೋನ್ ಆಫ್ ಆಗುವುದು, ಬ್ಯಾಟರಿ ಉಬ್ಬುವುದು ಬೇರೆ ಮಾತು. ಒಳಗಿನ ಎಲೆಕ್ಟ್ರೊಲೈಟ್ ವಿಭಜನೆಗೊಂಡು ಅನಿಲ ಹುಟ್ಟಿದಾಗ ಬ್ಯಾಟರಿ ಉಬ್ಬುತ್ತದೆ. ಅತಿಯಾದ ಬಿಸಿ, ಅತಿಯಾದ ಚಾರ್ಜ್, ತಯಾರಿಕೆಯ ಲೋಪ, ವಯಸ್ಸು ಎಲ್ಲವೂ ಇದಕ್ಕೆ ಕಾರಣವಾಗಬಲ್ಲವು. ತಪ್ಪು ಯಾವಾಗಲೂ ಬಳಕೆದಾರರದೇ ಎನ್ನಲು ಇತಿಹಾಸ ಬಿಡುವುದಿಲ್ಲ. 2007ರ ಆಗಸ್ಟ್‌ನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಮಾದರಿಯ 4.6 ಕೋಟಿ ಬ್ಯಾಟರಿಗಳು ಅತಿಯಾಗಿ ಬಿಸಿಯಾಗಬಹುದು ಎಂದು ತಾನೇ ಎಚ್ಚರಿಸಿ, ಬದಲಿ ಕೊಡಲು ಒಪ್ಪಿತು. 2016ರಲ್ಲಿ ಹೊತ್ತಿಕೊಂಡ ಗ್ಯಾಲಕ್ಸಿ ನೋಟ್ 7 ಫೋನುಗಳ ಬಗ್ಗೆ ತನಿಖೆ ಮಾಡಿದ ಸ್ಯಾಮ್‌ಸಂಗ್, ಇಬ್ಬರು ಪೂರೈಕೆದಾರರ ಬ್ಯಾಟರಿಗಳಲ್ಲೂ ದೋಷವಿತ್ತೆಂದು ಮರುವರ್ಷದ ಜನವರಿಯಲ್ಲಿ ಪ್ರಕಟಿಸಿತು.

ವಾರಂಟಿ ನಿರಾಕರಣೆಗೆ ಕೌಂಟರಿನಲ್ಲಿ ಕೇಳಿಬರುವ ಕಾರಣಗಳು ಹೆಚ್ಚಿಲ್ಲ: ‘ಫಿಸಿಕಲ್ ಡ್ಯಾಮೇಜ್’, ‘ಲಿಕ್ವಿಡ್ ಡ್ಯಾಮೇಜ್’, ಇಲ್ಲವೇ ‘ಹೊರಗೆ ಬಿಚ್ಚಿಸಿದ್ದೀರಿ’. ಮೊದಲನೆಯದನ್ನು ನಿಧಾನವಾಗಿ ನೋಡಬೇಕು. ಉಬ್ಬಿದ ಬ್ಯಾಟರಿ ಸ್ಕ್ರೀನನ್ನೋ ಹಿಂಬದಿಯ ಗಾಜನ್ನೋ ಒಳಗಿನಿಂದ ತಳ್ಳುತ್ತದೆ. ಅಂಟು ಬಿಡುತ್ತದೆ, ಅಂಚು ಮೇಲೇಳುತ್ತದೆ, ಕೆಲವೊಮ್ಮೆ ಗಾಜು ಸೀಳುತ್ತದೆ. ಹೀಗೆ ಮೇಲೆದ್ದ ಅಂಚನ್ನೇ ಬಿದ್ದ ಪೆಟ್ಟು ಎಂದು ಬರೆದರೆ ಪರಿಣಾಮವನ್ನೇ ಕಾರಣ ಮಾಡಿದಂತಾಯಿತು. ಬಿದ್ದ ಫೋನಿನಲ್ಲಿ ಸಾಮಾನ್ಯವಾಗಿ ಮೂಲೆಯಲ್ಲಿ ಜಜ್ಜಿದ ಗುರುತು ಇರುತ್ತದೆ, ಬಿರುಕು ಅಲ್ಲಿಂದ ಹರಡಿರುತ್ತದೆ. ಉಬ್ಬಿದ ಫೋನಿನಲ್ಲಿ ಅಂಚು ಹೊರಕ್ಕೆ ಬಾಗಿರುತ್ತದೆ. ಈ ವ್ಯತ್ಯಾಸ ಫೋಟೊದಲ್ಲಿ ಕಾಣುತ್ತದೆ. ಆದ್ದರಿಂದ ಫೋನನ್ನು ಸೆಂಟರಿಗೆ ಕೊಡುವ ಮುನ್ನ ನಾಲ್ಕೂ ಬದಿಯ ಫೋಟೊ ತೆಗೆದಿಡುವುದು ಅತ್ಯಗತ್ಯ.

ಎರಡನೆಯ ಕಾರಣದ ಹಿಂದೆ ಇರುವುದು ಫೋನಿನೊಳಗಿನ ಪುಟ್ಟ ಸ್ಟಿಕರ್. ನೀರು ತಾಗಿದರೆ ಬಿಳಿಯ ಸ್ಟಿಕರ್ ಕೆಂಪಾಗುತ್ತದೆ. ಅದು ನೀರು ತಾಗಿತೆಂದು ಹೇಳಬಹುದು, ಬ್ಯಾಟರಿ ಕೆಟ್ಟದ್ದು ಅದೇ ನೀರಿನಿಂದ ಎಂದು ಹೇಳಲಾರದು. ಇಂಥ ಸ್ಟಿಕರನ್ನೇ ನಂಬಿ ವಾರಂಟಿ ನಿರಾಕರಿಸಿದ್ದಕ್ಕಾಗಿ ಅಮೆರಿಕದಲ್ಲಿ ಗ್ರಾಹಕರು ಆಪಲ್ ವಿರುದ್ಧ ಸಾಮೂಹಿಕ ದಾವೆ ಹೂಡಿದರು. 2013ರಲ್ಲಿ ಕಂಪನಿ 5.3 ಕೋಟಿ ಡಾಲರಿಗೆ ರಾಜಿಯಾಯಿತು. ಜೂನ್‌ನಿಂದ ಗೋಡೆಯೇ ಬೆವರುವ ಕರಾವಳಿ, ಮಲೆನಾಡಿನ ಗ್ರಾಹಕರು ಸ್ಟಿಕರಿನ ಬಣ್ಣವನ್ನು ಕಂಡೊಡನೆ ತಲೆ ತಗ್ಗಿಸಬೇಕಿಲ್ಲ.

ಮೂರನೆಯ ಕಾರಣಕ್ಕೆ ಮಾತ್ರ ಉತ್ತರ ಕಷ್ಟ. ಪಕ್ಕದ ಅಂಗಡಿಯಲ್ಲಿ ಒಮ್ಮೆ ಬಿಚ್ಚಿಸಿದರೆ ಸಾಕ್ಷ್ಯವೂ ಹೋಗುತ್ತದೆ, ವಾದವೂ ಸಡಿಲವಾಗುತ್ತದೆ. ವಾರಂಟಿ ಇರುವತನಕ ಅದನ್ನು ತಪ್ಪಿಸಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಮತ್ತೆ ಚಾರ್ಜಿಗೆ ಹಾಕುವುದು ಹೇಗೂ ಅಪಾಯ. ಅದು ಬೆಂಕಿಗೆ ಆಹ್ವಾನ.

ಇಡೀ ವಿವಾದದಲ್ಲಿ ಬೆಲೆಯುಳ್ಳ ಕಾಗದ ಎಂದರೆ ಸರ್ವಿಸ್ ಸೆಂಟರಿನವರು ಬರೆದುಕೊಡುವ ಜಾಬ್ ಶೀಟ್. ನಿರಾಕರಣೆ ಬಹುಪಾಲು ಬಾಯಿಮಾತಿನಲ್ಲೇ ಮುಗಿದುಹೋಗುತ್ತದೆ: ‘ಇದು ವಾರಂಟಿಗೆ ಬರಲ್ಲ, ಇಷ್ಟಾಗುತ್ತದೆ, ಮಾಡಿಸ್ತೀರಾ?’ ಗ್ರಾಹಕರು ದುಡ್ಡು ಕೊಡುತ್ತಾರೆ ಅಥವಾ ಎದ್ದು ಬರುತ್ತಾರೆ. ಎರಡರಲ್ಲೂ ನಿರಾಕರಣೆಯ ಕುರುಹು ಉಳಿಯುವುದಿಲ್ಲ. ಅಷ್ಟರಲ್ಲಿ ಆರು ತಿಂಗಳು ಕಳೆದರೆ, ಅವಧಿಯೊಳಗೆ ದೂರು ಕೊಟ್ಟಿದ್ದಕ್ಕೂ ಆಧಾರವಿರುವುದಿಲ್ಲ. ದಿನಾಂಕ, ಐಎಂಇಐ ಸಂಖ್ಯೆ, ಗ್ರಾಹಕರು ಹೇಳಿದ ತೊಂದರೆ, ತಂತ್ರಜ್ಞರು ಕಂಡ ಸ್ಥಿತಿ, ನಿರಾಕರಣೆಯ ಕಾರಣ ಇವೆಲ್ಲ ಜಾಬ್ ಶೀಟಿನಲ್ಲಿ ಬರೆದಿರಬೇಕು. ಬರೆದುಕೊಡದಿದ್ದರೆ ಅಂದೇ ಕಂಪನಿಗೆ ಇಮೇಲ್ ಕಳುಹಿಸಿ ನಡೆದದ್ದನ್ನು ದಾಖಲಿಸಬೇಕು. ಸಿಬ್ಬಂದಿಯೊಡನೆ ಜಗಳ ಬೇಡ. ನಿಯಮ ಮಾಡಿದವರು ಅವರಲ್ಲ.

ಕಂಪನಿ ಇಮೇಲಿಗೆ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕನ್ನಡದಲ್ಲೂ ಮಾತನಾಡಬಹುದು. ಸಹಾಯವಾಣಿಗೆ ತೀರ್ಪು ನೀಡುವ ಅಧಿಕಾರವಿಲ್ಲ, ಅದು ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಂದು ದೊಡ್ಡ ಅಡ್ಡಿಯನ್ನು ತೆಗೆದಿದೆ. ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಆನ್‌ಲೈನ್‌ನಲ್ಲಿ ಬೆಂಗಳೂರಿನ ಮಾರಾಟಗಾರರಿಂದ ಫೋನ್ ತರಿಸಿದ ಬೀದರಿನವರು ಬೀದರಿನಲ್ಲೇ ಕೇಳಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ವ್ಯಾಜ್ಯಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಈಡೇರುವ ಸಂಭವವೇ ಇಲ್ಲದ ವಾರಂಟಿಯನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ದೋಷ ನಿವಾರಣೆ, ಬದಲಿ ವಸ್ತು, ಹಣ ವಾಪಸಾತಿ, ಪರಿಹಾರ, ಖರ್ಚು ಇವುಗಳನ್ನು ಕೊಡಿಸುವ ಅಧಿಕಾರ ಆಯೋಗಕ್ಕಿದೆ. ಎದುರುದಾರರು ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದಕ್ಕಿಂತ ಹೆಚ್ಚು ಎಳೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ತೀರ್ಮಾನವಾಗಬೇಕೆಂದು ಕಾಯ್ದೆ ಬಯಸುತ್ತದೆ. ವಾಸ್ತವದಲ್ಲಿ ಅದಕ್ಕಿಂತ ತಡವಾಗುವುದುಂಟು ಎಂಬುದನ್ನೂ ಮುಚ್ಚಿಡಬಾರದು.

ದೂರುದಾರರು ಎಡವುವುದು ಸಾಮಾನ್ಯವಾಗಿ ಪುರಾವೆಯಲ್ಲಿ. ‘ಬ್ಯಾಟರಿ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ದೋಷ ಸಾಬೀತಾಗುವುದಿಲ್ಲ. ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದಾಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು. ಹಾಗಾಗಿ ಮೂಲ ಬಿಲ್, ವಾರಂಟಿ ಪತ್ರ, ಜಾಬ್ ಶೀಟ್, ಫೋಟೊ, ಇಮೇಲ್ ಮತ್ತು ಕೆಟ್ಟ ಬ್ಯಾಟರಿಯನ್ನು ಹೊಂದಿರುವ ಫೋನ್ ಇವು ಜೊತೆಗಿರಬೇಕು. ದುಡ್ಡು ಕೊಟ್ಟು ಬ್ಯಾಟರಿ ಬದಲಿಸಿಕೊಂಡು ಹಳೆಯದನ್ನು ಸೆಂಟರಿನಲ್ಲೇ ಬಿಟ್ಟು ಬಂದವರ ಬಳಿ ಪರೀಕ್ಷೆಗೆ ಕಳುಹಿಸಲು ಏನೂ ಇರುವುದಿಲ್ಲ.

ಬ್ಯಾಟರಿಯ ಬೆಲೆ ಹೆಚ್ಚಲ್ಲ, ಆದ್ದರಿಂದಲೇ ಜನ ಜಗ್ಗಾಡದೆ ಕೊಟ್ಟುಬಿಡುತ್ತಾರೆ. ನಿರಾಕರಣೆ ಲಾಭದಾಯಕವಾಗುವುದೂ ಆ ಕಾರಣಕ್ಕೇ. ಹೊಸ ಬ್ಯಾಟರಿಗೆ ಹಣ ಎಣಿಸುವ ಮುನ್ನ ಪ್ರತಿಯೊಬ್ಬ ಗ್ರಾಹಕರೂ ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು, ಮನೆಯ ಹಿರಿಯರ ಫೋನಿನ ವಿಷಯದಲ್ಲಿ ಅವರ ಪರವಾಗಿ ಕಿರಿಯರು ಕೇಳಬೇಕು ಎಂಬುದು ಕಳಕಳಿಯ ಮನವಿ.