ಶಂಕೆಗೆ ತ್ವರೆ, ರಕ್ಷಣೆಗೆ ಜಿಪುಣತನ



ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ಕಾಯಿದೆಯು ಮಾಡತಕ್ಕುದನ್ನೆಲ್ಲ ಮಾಡಿ ಮುಗಿಸಿದೆ, ಇನ್ನು ತಿದ್ದಿಕೊಳ್ಳಬೇಕಾದುದು ಸಮಾಜವೊಂದೇ ಎಂಬ ಮಾತು ವಿದ್ಯಾವಂತರ ನಡುವೆ ರೂಢಿಯಾಗಿರುವುದನ್ನು ಕಂಡು ಈ ಪತ್ರವನ್ನು ಬರೆಯುತ್ತಿದ್ದೇನೆ. ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಅವರ ಲಿಂಗ ಗುರುತಿನ ಹಕ್ಕನ್ನು ಅಂಗೀಕರಿಸಿದುದೂ, 2018ರಲ್ಲಿ ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸಾರಿದುದೂ, ನಮ್ಮ ರಾಜ್ಯವು 2021ರಲ್ಲಿ ಸರಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನು ಕಲ್ಪಿಸಿದುದೂ ಸ್ತುತ್ಯವೇ ಸರಿ. ಆದರೆ ಇವರನ್ನು ಶಂಕಿಸುವುದರಲ್ಲಿ ತೋರಿದ ತ್ವರೆಯನ್ನು ನಮ್ಮ ಶಾಸನಕರ್ತರು ಇವರನ್ನು ರಕ್ಷಿಸುವುದರಲ್ಲಿ ತೋರಲಿಲ್ಲ.

ಬ್ರಿಟಿಷರು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಹಿಜಡಾಗಳ ಹೆಸರು, ವಾಸಸ್ಥಳಗಳನ್ನು ಪಟ್ಟಿಮಾಡುವ ಏರ್ಪಾಡನ್ನು ಮಾಡಿದ್ದರು. ಆ ಕಾಯಿದೆಯು ರದ್ದಾಗಿ ದಶಕಗಳೇ ಸಂದಿದ್ದರೂ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮನ್ನು ಸೇರಿಸಿ, ಬಾಲಕರ ಅಪಹರಣದ ಶಂಕೆಗೊಳಗಾದ ಹಿಜಡಾಗಳ ಪಟ್ಟಿಯನ್ನಿಡುವ ಅಧಿಕಾರವನ್ನು ಪೊಲೀಸ್ ಕಮಿಷನರರಿಗೆ ಕೊಡಲಾಯಿತು. ವಿಷಯವು ಉಚ್ಚ ನ್ಯಾಯಾಲಯವನ್ನು ಮುಟ್ಟಿದ ಮೇಲೂ ಸರಕಾರವು ಕಲಮನ್ನು ಕಿತ್ತುಹಾಕಲಿಲ್ಲ; ಸಮುದಾಯದ ಹೆಸರಿದ್ದೆಡೆಯಲ್ಲಿ ‘ವ್ಯಕ್ತಿಗಳು’ ಎಂದು ಬರೆದು ಕೈತೊಳೆದುಕೊಂಡಿತು.

ಇನ್ನು ರಕ್ಷಣೆಯ ಮಾತು. 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಅಧಿನಿಯಮವು ಇವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಗೊತ್ತುಪಡಿಸಿದ ಶಿಕ್ಷೆ 6 ತಿಂಗಳಿಂದ 2 ವರ್ಷ. ಸ್ತ್ರೀಯ ಮೇಲಿನ ಅತ್ಯಾಚಾರಕ್ಕಾದರೋ ಕನಿಷ್ಠ 10 ವರ್ಷ. ಹಳೆಯ ದಂಡಸಂಹಿತೆಯ 377ನೆಯ ಕಲಮಿನಲ್ಲಿ, 2018ರ ತೀರ್ಪಿನ ತರುವಾಯವೂ, ಬಲಾತ್ಕಾರಕ್ಕೊಳಗಾದ ಗಂಡಸಿಗೆ ಆಶ್ರಯ ಉಳಿದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಅದನ್ನು ಸಮೂಲವಾಗಿ ಕೈಬಿಟ್ಟು, ಆ ಸ್ಥಾನದಲ್ಲಿ ಬೇರೊಂದನ್ನು ಇರಿಸಲಿಲ್ಲ. ಇಂಥ ಕೃತ್ಯಕ್ಕೆ ಬಲಿಯಾದ ವಯಸ್ಕನೊಬ್ಬನು ಶಿರಸಿಯ ಠಾಣೆಗೋ ಯಲ್ಲಾಪುರದ ಠಾಣೆಗೋ ಹೋದರೆ, ಅವನ ಮೈಮೇಲಿನ ಗಾಯಕ್ಕೆ ಕಲಮು ಸಿಕ್ಕೀತು, ಆ ಕೃತ್ಯಕ್ಕೆ ಸಿಗಲಾರದು.

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಅಂಥವರೇ ಇಲ್ಲ, ನಮಗೇಕೆ ಈ ಗೊಡವೆ ಎನ್ನುವವರುಂಟು. ಇಲ್ಲವೆಂದರೆ ಹುಟ್ಟಲಿಲ್ಲವೆಂದು ಅರ್ಥವಲ್ಲ. ಬಾಯಿ ಬಿಡಲಾರದೆ ಮನೆಯಲ್ಲೇ ಉಳಿದರು, ಇಲ್ಲವೆ ಹುಬ್ಬಳ್ಳಿ, ಬೆಂಗಳೂರುಗಳ ಬಸ್ಸು ಹತ್ತಿದರು ಎಂದಷ್ಟೇ ಅರ್ಥ. ಸಮಾಜವು ತಾನಾಗಿ ಬದಲಾಗುವವರೆಗೆ ಇವರು ಕಾಯಲಿ ಎನ್ನುವುದು ನ್ಯಾಯವಲ್ಲ. ಬಲಿಯಾದವರು ಸ್ತ್ರೀಯಾಗಲಿ, ಪುರುಷನಾಗಲಿ, ಅನ್ಯಲಿಂಗದವರಾಗಲಿ, ಲೈಂಗಿಕ ಬಲಾತ್ಕಾರಕ್ಕೆ ಸಮಾನ ಶಿಕ್ಷೆಯನ್ನು ವಿಧಿಸುವ ಕಲಮನ್ನು ಸಂಹಿತೆಗೆ ಸೇರಿಸುವಂತೆ ನಮ್ಮ ಜಿಲ್ಲೆಯ ಸಂಸದರು ಲೋಕಸಭೆಯಲ್ಲಿ ಒತ್ತಾಯಿಸಬೇಕು. 36ಎ ಕಲಮನ್ನು ರದ್ದುಪಡಿಸುವಂತೆ ಶಾಸಕರು ವಿಧಾನಸಭೆಯಲ್ಲಿ ಕೇಳಬೇಕು. ಮತ ಕೇಳಲು ಊರಿಗೆ ಬಂದವರನ್ನು ಈ ಎರಡು ಪ್ರಶ್ನೆಗಳಿಂದ ಎದುರುಗೊಳ್ಳುವುದು ಮತದಾರರಾದ ನಮಗೆ ಸೇರಿದ ಕೆಲಸ.

ಇಂತು ತಮ್ಮ ವಿಶ್ವಾಸಿ,
ಓರ್ವ ಓದುಗ
ವಾನಳ್ಳಿ, ಶಿರಸಿ ತಾಲೂಕು