ಪುಸ್ತಕ ಮುಚ್ಚಿ ಓದೋಣ

ಪರೀಕ್ಷೆ ಹತ್ತಿರ ಬಂತೆಂದರೆ ಲೈಬ್ರರಿಯಲ್ಲಿ ಎಲ್ಲರದೂ ಒಂದೇ ಕೆಲಸ: ಸ್ಲೈಡ್ ತೆರೆಯೋದು, ಹಳದಿ ಬಣ್ಣ ಬಳಿಯೋದು, ಮತ್ತೆ ಓದೋದು. ಮೂರನೇ ಸಲ ಓದುವಾಗ ಎಲ್ಲಾ ಗೊತ್ತು ಅನ್ನಿಸುತ್ತೆ. ಈ ಅನಿಸಿಕೆಯನ್ನು ನಂಬಬೇಡಿ ಅನ್ನೋದೇ ನಮ್ಮ ಮಾತು.

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ನಾಲ್ಕು ಅವಧಿಯಲ್ಲೂ ಒಂದೇ ಪಾಠ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು: ಅವರಿಗೆ ಶೇ. 83 ನೆನಪಿತ್ತು, ಬರೆದವರಿಗೆ ಶೇ. 71. ವಾರ ಕಳೆದ ಮೇಲೆ ಲೆಕ್ಕ ತಿರುಗಿತು: ಓದಿದವರಿಗೆ ಶೇ. 40, ಬರೆದವರಿಗೆ ಶೇ. 61. ವಾರದ ಮೇಲೂ ಚೆನ್ನಾಗಿ ನೆನಪಿರುತ್ತೆ ಅನ್ನೋ ಭರವಸೆ ಹೆಚ್ಚಿದ್ದದ್ದು ಮಾತ್ರ ಬರೀ ಓದಿದವರಿಗೇ!

ಗುರುತು ಹಿಡಿಯೋದು ಬೇರೆ, ನೆನಪಿಸಿಕೊಳ್ಳೋದು ಬೇರೆ. ಮದುವೆ ಮನೆಯಲ್ಲಿ ಮುಖ ಗೊತ್ತಾಗುತ್ತೆ, ಹೆಸರು ಬಾಯಿಗೆ ಬರೋಲ್ಲ, ಹಾಗೆ. ಪರೀಕ್ಷೆ ಕೇಳೋದು ಹೆಸರನ್ನೇ.

ನಮ್ಮೂರ ಶಾಲೆಗಳಲ್ಲಿ ಇದಕ್ಕೊಂದು ಪದವಿದೆ: ಒಪ್ಪಿಸೋದು. ಮಗ್ಗಿಯಾಗಲಿ, ಪದ್ಯವಾಗಲಿ, ಪುಸ್ತಕ ಮುಚ್ಚಿ ಮೇಷ್ಟ್ರ ಮುಂದೆ ಹೇಳಬೇಕು. ಇಲ್ಲಿಗೆ ಬಂದ ಮೇಲೆ ಅದನ್ನೆಲ್ಲ "ಉರು ಹೊಡೆಯೋ ಶಿಕ್ಷಣ" ಅಂತ ಹೀಗಳೆಯೋದು ರೂಢಿಯಾಗಿದೆ. ಅರ್ಥವಾಗದ್ದನ್ನು ಉರು ಹೊಡೆದು ಪ್ರಯೋಜನವಿಲ್ಲ, ನಿಜ. ತಪ್ಪಿದರೆ ಬೀಳುತ್ತಿದ್ದ ಬೆತ್ತದೇಟೂ ಬೇಡ. ಆದರೆ ಹೊಟ್ಟಿನ ಜೊತೆ ಕಾಳನ್ನೂ ತೂರಿಬಿಡೋದು ಜಾಣತನವಲ್ಲ.

ನಮ್ಮಲ್ಲಿ ಎಷ್ಟೋ ಜನರ ಫೀಸು ಊರಲ್ಲಿ ಅಪ್ಪ ಅಮ್ಮ ಮಾಡಿದ ಸಾಲ. ಓದಿದ್ದು ಒಂದು ವಾರವೂ ನಿಲ್ಲದಿದ್ದರೆ ಆ ದುಡ್ಡಿಗೆ, ಕೆಟ್ಟ ನಿದ್ದೆಗೆ ಬೆಲೆ ಏನು?

ಸಂಘ ಹಬ್ಬ ಮಾಡುತ್ತೆ, ಊಟ ಹಾಕುತ್ತೆ. ಅದರ ಜೊತೆಗೆ ವಾರಕ್ಕೊಂದು ಸಂಜೆ 'ಒಪ್ಪಿಸುವ ಕೂಟ' ನಡೆಸೋಣ. ಲ್ಯಾಪ್‌ಟಾಪ್ ಮುಚ್ಚಿ, ಆ ವಾರ ಕಲಿತದ್ದನ್ನು ಬೇರೆ ವಿಭಾಗದ ಗೆಳೆಯರಿಗೆ ಕನ್ನಡದಲ್ಲಿ ಹೇಳೋಣ. ತಾಂತ್ರಿಕ ಪದಗಳು ಇಂಗ್ಲಿಷಿನಲ್ಲೇ ಇರಲಿ, ಅಡ್ಡಿಯಿಲ್ಲ. ಸ್ಲೈಡಿನ ವಾಕ್ಯವನ್ನೇ ಗಿಣಿಯ ಹಾಗೆ ಹೇಳಲು ಕನ್ನಡದಲ್ಲಿ ಆಗೋಲ್ಲ; ವಿಷಯ ಅರ್ಥವಾಗಿರಲೇಬೇಕು. ಎಲ್ಲಿ ತಡವರಿಸುತ್ತೇವೋ ಅಲ್ಲಿ ಪುಸ್ತಕ ತೆರೆದು ನೋಡೋಣ. ನಮ್ಮವರ ಮುಂದೆ ತಡವರಿಸೋಕೆ ಸಂಕೋಚವೇಕೆ?