ಕರಿಬೇವಿಗೆ ಔಷಧಿ ಹೊಡೆಯುವ ಮುಂಚೆ

ಗೋವಾದ ಕೆಪೆಯಲ್ಲಿ ನನ್ನ ಅಕ್ಕನ ಮಗಳ ಸಂಸಾರವಿದೆ. ಅಳಿಯನದು ಗಾರೆ ಕೆಲಸ. ನಮ್ಮ ಕಡೆಯಿಂದ ದುಡಿಯಲು ಹೋದವರು ಅಲ್ಲಿ ಬಹಳ, ಹಾಗಾಗಿ ಪೇಟೆಯಲ್ಲಿ ಕೊಂಕಣಿಯ ನಡುವೆ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ಕಳೆದ ಸಲ ಹೋದಾಗ ಅವಳ ಬಾಡಿಗೆ ಮನೆಯ ಹಿತ್ತಲಲ್ಲಿ ಕರಿಬೇವಿನ ಗಿಡ ನೋಡಿ ಹೊಟ್ಟೆ ಉರಿಯಿತು. ಚಿಗುರೆಲ್ಲ ಹುಳ ಮೇದು ಬರೀ ಕಡ್ಡಿ ಉಳಿದಿತ್ತು. ಒಂದೆಲೆ ಮೇಲೆ ಹಕ್ಕಿ ಹಿಕ್ಕೆಯಂಥ ಕಪ್ಪು-ಬಿಳುಪು ಹುಳ, ಇನ್ನೊಂದರ ಮೇಲೆ ಕಿರುಬೆರಳು ಗಾತ್ರದ ಹಸಿರು ಹುಳ. ಜಾತಿ ಒಂದೇ, ವಯಸ್ಸು ಬೇರೆ.

‘ಒಂದು ಬಾಟ್ಲಿ ಔಷಧಿ ತಂದು ಹೊಡಿಯಮ್ಮ’ ಎಂದೆ.

‘ಮಾವ, ದಿನಾ ಒಗ್ಗರಣೆಗೆ ಇದೇ ಸೊಪ್ಪು ಕೀಳ್ತೀನಿ. ಹೊಡೆದದ್ದು ನಮ್ಮ ಹೊಟ್ಟೆಗೇ ಹೋಗಲ್ವಾ?’ ಅಂದಳು.

ನಾನು ಮಾತಾಡಲಿಲ್ಲ. ಊರಲ್ಲಿ ಔಷಧಿ ಹೊಡೆದ ಮೂರನೇ ದಿನಕ್ಕೆ ಸೊಪ್ಪು ಕೊಯ್ದು ಸಂತೆಗೆ ಹಾಕಿದವನು ನಾನೇ.

ನಾವು ಕಂಬಳಿ ಹುಳು ಅಂತೀವಿ, ತೆಲುಗರು ಗೊಂಗಳಿ ಪುರುಗು ಅಂತಾರೆ. ಎರಡು ಭಾಷೆಯವರೂ ಅದಕ್ಕೆ ಕಂಬಳಿಯನ್ನೇ ಹೊದಿಸಿದ್ದಾರೆ. ಆದರೆ ಕರಿಬೇವಿನ ಈ ಹುಳಕ್ಕೆ ಕೂದಲೇ ಇಲ್ಲ. ಇದು ನಿಂಬೆ ಚಿಟ್ಟೆಯ ಮರಿ. ನಿಂಬೆ, ಕರಿಬೇವು, ಬಿಲ್ವಪತ್ರೆ ಒಂದೇ ಕುಲದವು, ಇದು ಆ ಕುಲ ಬಿಟ್ಟು ಹೊರಗೆ ಹೋಗುವುದು ಅಪರೂಪ. ತಾಯಿ ಚಿಟ್ಟೆ ಮುಂಗಾಲಿನಿಂದ ಎಲೆಯನ್ನು ತಟ್ಟಿ ರುಚಿ ನೋಡಿ, ಎಳೆ ಚಿಗುರನ್ನೇ ಆರಿಸಿ ಮೊಟ್ಟೆಯಿಡುತ್ತದೆ. ಎಳೆ ಎಲೆಯಲ್ಲಿ ನೀರೂ ಸಾರಜನಕವೂ ಹೆಚ್ಚು, ಮರಿ ಬೇಗ ದಪ್ಪಗಾಗುತ್ತದೆ. ಬಲಿತ ಎಲೆ ತಿಂದದ್ದು ನಿಧಾನ ಬೆಳೆದು, ಅಷ್ಟು ದಿನ ಹೆಚ್ಚಾಗಿ ಹಕ್ಕಿಗೂ ಕಣಜಕ್ಕೂ ಸಿಗುತ್ತದೆ. ಉಳಿದರೂ ಚಿಟ್ಟೆ ಸಣ್ಣದು, ಅದು ಇಡುವ ಮೊಟ್ಟೆಯೂ ಕಡಿಮೆ. ಮೇವು ಸರಿಯಿಲ್ಲದ ಕರುವಿನ ಕಥೆಯೇ.

ಗಿಡ ತಪ್ಪಿದರಂತೂ ಮುಗಿಯಿತು. ಆಸ್ಟ್ರೇಲಿಯಾದಲ್ಲಿ ಅಂದಕ್ಕೆಂದು ಹೊರದೇಶದ ಒಂದು ಬಳ್ಳಿ ನೆಟ್ಟರು. ಅದು ನಮ್ಮ ಈಶ್ವರಿ ಬಳ್ಳಿಯ ಕುಲದ್ದು. ಅಲ್ಲಿನ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ವಾಸನೆಗೆ ಮೋಸಹೋಗಿ ಅದರ ಮೇಲೆ ಮೊಟ್ಟೆಯಿಟ್ಟಿತು, ಎಲೆ ತಿಂದ ಮರಿಗಳು ಸತ್ತವು. ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆಯೂ ಬರ್ಡ್‌ವಿಂಗೇ, ಅದರ ಮರಿಗೂ ಈಶ್ವರಿ ಬಳ್ಳಿಯ ಕುಲವೇ ಬೇಕು. ಆ ಬಳ್ಳಿಯನ್ನು ಕಳೆಯೆಂದು ಕಿತ್ತು, ಶಾಲೆಯ ಮುಂದೆ ಬಣ್ಣದ ಹೂಗಿಡ ನೆಟ್ಟು ಚಿಟ್ಟೆವನ ಎಂದು ಬೋರ್ಡು ಹಾಕಿದರೆ ಏನು ಬಂತು? ಹೂವು ದೊಡ್ಡವರ ಊಟ, ಮಕ್ಕಳಿಗೆ ಎಲೆ ಬೇಕಲ್ಲ! ಪೋಂಡಾ ತಾಲೂಕಿನ ಪ್ರಿಯೋಳದಲ್ಲಿ ಹೆಬ್ಳೇಕರ್ ದಂಪತಿ ಚಿಟ್ಟೆಗಳಿಗೆಂದೇ ತೋಟ ಬೆಳೆಸಿದಾಗ ಹೂವಿನ ಜೊತೆ ಮರಿ ತಿನ್ನುವ ಗಿಡಗಳನ್ನೂ ನೆಟ್ಟರು. ಕೆಪೆಯ ಗುಡ್ಡದ ಗೇರು ಮರವೂ ಅಂಥದ್ದೇ. ಬ್ಯಾರನ್ ಎಂಬ ಚಿಟ್ಟೆಯ ಮರಿ ಗೇರು, ಮಾವಿನ ಎಲೆಯ ನಡುನರದ ಮೇಲೆ ಮಲಗಿದರೆ ಕಣ್ಣಿಗೇ ಕಾಣದು.

ಹಾಗಂತ ಎಲ್ಲ ಹುಳಕ್ಕೂ ಆರತಿ ಎತ್ತಿರಿ ಎನ್ನುತ್ತಿಲ್ಲ. ದಾಳಿಂಬೆ ಕಾಯಿ ಕೊರೆಯುವುದೂ ಒಂದು ಚಿಟ್ಟೆಯ ಮರಿಯೇ, ಅದನ್ನು ಬಿಟ್ಟರೆ ಬೆಳೆ ಹೋದಂತೆ. ಅದಕ್ಕೆ ಕಾಯಿಗೆ ಚೀಲ ಕಟ್ಟುವ ಉಪಾಯವಿದೆ. ನಿಂಬೆ ಸಸಿಮಡಿಯಲ್ಲೂ ನಿಂಬೆ ಚಿಟ್ಟೆ ಹಾನಿ ಮಾಡುತ್ತದೆ, ಆದರೆ ಬೆಳೆದ ಮರ ತಡೆದುಕೊಂಡು ಮತ್ತೆ ಚಿಗುರುತ್ತದೆ. ಅಂಗಡಿಗೆ ಹೋಗಿ ‘ಹುಳ ಬಿದ್ದಿದೆ’ ಎಂದರೆ ಯಾವ ಹುಳ, ಗಿಡಕ್ಕೆಷ್ಟು ವಯಸ್ಸು ಎಂದು ಕೇಳದೆ ಬಾಟ್ಲಿ ಕೊಡುತ್ತಾರೆ, ನಾವೂ ಹೇಳದೆ ತರುತ್ತೇವೆ. ಅದೇ ಔಷಧಿಗೆ, ಈ ಚಿಟ್ಟೆಯ ಮೊಟ್ಟೆ-ಕೋಶದೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಸಣ್ಣ ಕಣಜಗಳೂ ಸಾಯುತ್ತವೆ. ಅವು ಸಂಬಳವಿಲ್ಲದ ಆಳುಗಳು ಸ್ವಾಮಿ.

ಊರಿಗೆ ಬಂದ ಮೇಲೆ ನಿಂಬೆ ಸಸಿಗಳ ಹುಳವನ್ನು ಬೆಳಿಗ್ಗೆ ಕೈಯಲ್ಲೇ ಆರಿಸುತ್ತಿದ್ದೇನೆ. ಮುಟ್ಟಿದರೆ ತಲೆಯಿಂದ ಕೊಂಬು ಚಾಚಿ ನಾತ ಬಿಡುತ್ತವೆ. ಆರಿಸಿದ್ದನ್ನು ಬಾವಿ ಪಕ್ಕದ ಹಳೇ ಕರಿಬೇವಿನ ಗಿಡಕ್ಕೆ ಬಿಡುತ್ತೇನೆ. ಆ ಗಿಡದ ಸೊಪ್ಪು ಸಂತೆಗೆ ಹೋಗುವುದಿಲ್ಲ, ನಮ್ಮ ಮನೆ ಸಾರಿಗೆ.